ಎಡಿನ್‌ಬರ್ಗ್‌ನ ಅಡ್ವಾನ್ಸ್ ಟಿಕೆಟ್ ಇಟ್ಟುಕೊಂಡು ಯಾರ್ಕ್‌ನಲ್ಲಿ ಇಳಿಯಬಹುದೇ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ವಾಸವಾಗಿದ್ದೇವೆ. ಹಾಸನದಿಂದ ನನ್ನ ತಂದೆ ತಾಯಿ ಬಂದಿದ್ದಾರೆ, ಇಬ್ಬರಿಗೂ ಅರವತ್ತು ದಾಟಿದೆ. ನಾಲ್ಕು ಜನರಿಗೂ ರೆಡಿಂಗ್‌ನಿಂದ ಲಂಡನ್ ಮೂಲಕ ಎಡಿನ್‌ಬರ್ಗ್‌ಗೆ ಎಲ್‌ಎನ್‌ಇಆರ್ ಕಂಪನಿಯ ಅಡ್ವಾನ್ಸ್ ಸಿಂಗಲ್ ಟಿಕೆಟ್ (ಮುಂಗಡವಾಗಿ ಅಗ್ಗಕ್ಕೆ ಕೊಳ್ಳುವ ಒಂದು ಬದಿಯ ಟಿಕೆಟ್) ತೆಗೆದಿಟ್ಟಿದ್ದೇನೆ. ರೈಲು ಹೇಗೂ ಯಾರ್ಕ್‌ನಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದು ನಾಲ್ಕು ಗಂಟೆ ಊರು ನೋಡಿ, ಹಿಂದಿನಿಂದ ಬರುವ ಅದೇ ಕಂಪನಿಯ ಇನ್ನೊಂದು ರೈಲು ಹತ್ತೋಣ ಎಂದುಕೊಂಡಿದ್ದೇವೆ. ನಮ್ಮ ಕಡೆ ದೂರದ ಟಿಕೆಟ್ ಇದ್ದರೆ ನಡುವೆ ಇಳಿಯಲು ಬಿಡುತ್ತಾರೆ, ಇಲ್ಲಿಯೂ ಬಿಡಲೇಬೇಕು ಎನ್ನುವುದು ಅಪ್ಪನ ವಾದ. ಇನ್ನೊಂದು ಸಂಗತಿ: ಹೊರಡುವ ಹಿಂದಿನ ರಾತ್ರಿ ಲಂಡನ್ನಿನ ಹ್ಯಾರೋದಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಉಳಿದರೆ, ರೆಡಿಂಗ್‌ಗೆ ವಾಪಸು ಬರದೆ ನೇರವಾಗಿ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿಯೇ ಹತ್ತಬಹುದೇ?

ಉತ್ತರ: ನಿಯಮದ ಪ್ರಕಾರ ಎರಡಕ್ಕೂ ಅವಕಾಶವಿಲ್ಲ. ಆದರೆ ಎರಡು ತಪ್ಪುಗಳ ತೂಕ ಒಂದೇ ಅಲ್ಲ: ಯಾರ್ಕ್‌ನಲ್ಲಿ ಇಳಿದು ಬೇರೆ ರೈಲು ಹತ್ತಿದರೆ ನಾಲ್ವರಿಗೂ ಹೊಸ ಟಿಕೆಟ್ ಕೊಳ್ಳಬೇಕಾಗಿ ಬರುವ ಸಂಭವವೇ ಹೆಚ್ಚು, ಕಿಂಗ್ಸ್ ಕ್ರಾಸ್‌ನಲ್ಲಿ ಹತ್ತುವುದು ಕಾಗದದ ಮೇಲೆ ತಪ್ಪಾದರೂ ಅಷ್ಟು ದುಬಾರಿಯಾಗುವಂಥದ್ದಲ್ಲ. ನಿಮ್ಮ ಆಸೆಯನ್ನು ನಿಯಮದೊಳಗೇ ಈಡೇರಿಸಿಕೊಳ್ಳುವ ದಾರಿಯೂ ಇದೆ. ಆ ದಾರಿ ಬಹಳ ಸಲ ಹೆಚ್ಚಿನ ಖರ್ಚನ್ನೂ ತರುವುದಿಲ್ಲ. ಅದನ್ನು ಹೇಳುವ ಮೊದಲು ನಿಮ್ಮ ಕೈಯಲ್ಲಿರುವ ಟಿಕೆಟ್ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ನೋಡೋಣ.

ಟಿಕೆಟನ್ನು ಒಮ್ಮೆ ತೆರೆದು ಓದಿ. ಮೇಲೆ ಅಡ್ವಾನ್ಸ್ ಸಿಂಗಲ್ ಎಂದಿರುತ್ತದೆ, ರೂಟ್ ಎಂಬ ಕಡೆ ಎಲ್‌ಎನ್‌ಇಆರ್ ಮತ್ತು ಕನೆಕ್ಷನ್ಸ್ ಎಂಬ ಅರ್ಥದ ಸಾಲು ಇರುತ್ತದೆ, ಅದರ ಜೊತೆಗೆ ದಿನಾಂಕ, ಹೊರಡುವ ಗಂಟೆ, ಬೋಗಿಯ ಅಕ್ಷರ, ಸೀಟಿನ ಸಂಖ್ಯೆ ಇರುತ್ತವೆ. ಜನ ಸಾಮಾನ್ಯವಾಗಿ ರೂಟ್ ಸಾಲನ್ನು ಓದಿ, ಆ ಕಂಪನಿಯ ಯಾವ ರೈಲಾದರೂ ಆದೀತು ಎಂದುಕೊಳ್ಳುತ್ತಾರೆ. ಆ ಸಾಲು ಹೇಳುವುದು ಕಂಪನಿಯ ಹೆಸರನ್ನು ಮಾತ್ರ. ನಿಮ್ಮನ್ನು ನಿಜವಾಗಿ ಕಟ್ಟಿಹಾಕುವುದು ಅದರ ಜೊತೆಗಿರುವ ದಿನಾಂಕ ಮತ್ತು ಗಂಟೆ. ಬೆಳಿಗ್ಗೆ ಹತ್ತರ ರೈಲಿಗೆ ಕೊಂಡ ಅಡ್ವಾನ್ಸ್ ಟಿಕೆಟ್ ಹನ್ನೊಂದರ ರೈಲಿನಲ್ಲಿ, ಅದೇ ಕಂಪನಿಯದಾದರೂ, ಅದೇ ಹಳಿಯ ಮೇಲೆ ಹೋಗುವುದಾದರೂ, ಟಿಕೆಟ್ ಎನಿಸಿಕೊಳ್ಳುವುದಿಲ್ಲ.

ಹೀಗಾಗಿ ನಿಮ್ಮ ಯಾರ್ಕ್ ಯೋಜನೆಯಲ್ಲಿ ಎರಡು ಬೇರೆ ಬೇರೆ ತೊಡಕುಗಳಿವೆ, ಅವೆರಡನ್ನೂ ಒಂದೇ ಎಂದು ತಿಳಿಯಬಾರದು. ಮೊದಲನೆಯದು, ನಾಲ್ಕು ಗಂಟೆ ಬಿಟ್ಟು ನೀವು ಹತ್ತುವ ರೈಲು ನಿಮ್ಮ ಟಿಕೆಟ್ಟಿನಲ್ಲಿ ಇಲ್ಲದ ರೈಲು. ನೀವು ನಿಲ್ದಾಣದ ಪ್ಲಾಟ್‌ಫಾರ್ಮ್ ಬಿಟ್ಟು ಕದಲದೆ ಬೆಂಚಿನ ಮೇಲೆ ಕುಳಿತು ಬುತ್ತಿ ಉಂಡು ಮುಂದಿನ ರೈಲು ಹತ್ತಿದರೂ ಈ ತೊಡಕು ಹಾಗೆಯೇ ಉಳಿಯುತ್ತದೆ. ಎರಡನೆಯದು, ನಿಲ್ದಾಣದಿಂದ ಹೊರಗೆ ಹೋಗುವುದು. ಬ್ರಿಟನ್ನಿನ ಎಲ್ಲ ರೈಲು ಕಂಪನಿಗಳಿಗೂ ಸಮಾನವಾಗಿ ಅನ್ವಯಿಸುವ ನ್ಯಾಷನಲ್ ರೈಲ್ ಪ್ರಯಾಣ ಷರತ್ತುಗಳಲ್ಲಿ 16ನೆಯ ಷರತ್ತು ಇದಕ್ಕಾಗಿಯೇ ಇದೆ. ಪ್ರಯಾಣ ಆರಂಭಿಸಿದ ಮೇಲೆ ರೈಲು ನಿಲ್ದಾಣವನ್ನು ಬಿಟ್ಟು ಹೊರಗೆ ಹೋಗುವುದೇ ಬ್ರೇಕ್ ಆಫ್ ಜರ್ನಿ ಎಂದು ಆ ಷರತ್ತು ಹೇಳುತ್ತದೆ, ಮತ್ತು ಮೂರು ಸಂದರ್ಭಗಳನ್ನು ಅದರಿಂದ ಹೊರಗಿಡುತ್ತದೆ: ಬೇರೆ ನಿಲ್ದಾಣಕ್ಕೆ ಹೋಗಿ ಮುಂದಿನ ರೈಲು ಹಿಡಿಯುವುದು, ಒಂದೇ ದಿನದಲ್ಲಿ ಮುಗಿಸಲಾಗದ ಪ್ರಯಾಣದಲ್ಲಿ ರಾತ್ರಿ ತಂಗುವುದು, ಮತ್ತು ರೈಲ್ವೆ ಸಿಬ್ಬಂದಿ ಹೇಳಿದಂತೆ ನಡೆದುಕೊಳ್ಳುವುದು. ನೀವು ರೆಡಿಂಗ್‌ನಿಂದ ಬಂದು ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಇಳಿದು ಅಂಡರ್‌ಗ್ರೌಂಡ್ ರೈಲಿನಲ್ಲಿ ಕಿಂಗ್ಸ್ ಕ್ರಾಸ್‌ಗೆ ಹೋಗುವುದು ಮೊದಲನೆಯ ಸಂದರ್ಭಕ್ಕೆ ಸೇರುತ್ತದೆ, ಆದ್ದರಿಂದ ಅದು ಬ್ರೇಕ್ ಅಲ್ಲ. ಯಾರ್ಕ್‌ನ ಕೋಟೆ ಗೋಡೆಯ ಮೇಲೆ ನಡೆದಾಡುವುದು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ವಿಚಿತ್ರವೆಂದರೆ, 16ನೆಯ ಷರತ್ತಿನ ಮೂಲ ಧಾಟಿ ಉದಾರವಾದದ್ದೇ. ಬೇರೆ ಏನೂ ಹೇಳದಿದ್ದರೆ ಪ್ರಯಾಣಿಕರು ನಡುವಿನ ಯಾವ ನಿಲ್ದಾಣದಲ್ಲಿಯಾದರೂ ಹತ್ತಬಹುದು, ಇಳಿಯಬಹುದು, ಇಳಿದು ಮತ್ತೆ ಹತ್ತಬಹುದು ಎಂದು ಅದು ಶುರುವಾಗುತ್ತದೆ. ಕೆಲವು ಬಗೆಯ ಟಿಕೆಟ್‌ಗಳಿಗೆ ಇದು ಅನ್ವಯಿಸದೆ ಇರಬಹುದು ಎಂಬ ವಿನಾಯಿತಿ ಅನಂತರ ಬರುತ್ತದೆ, ಮತ್ತು ಅಡ್ವಾನ್ಸ್ ಟಿಕೆಟ್‌ನ ಸ್ವಂತ ಷರತ್ತುಗಳು ಆ ವಿನಾಯಿತಿಯನ್ನು ಪೂರ್ತಿಯಾಗಿ ಬಳಸಿಕೊಳ್ಳುತ್ತವೆ. ನಡುವಿನ ನಿಲ್ದಾಣದಲ್ಲಿ ಪ್ರಯಾಣ ಆರಂಭಿಸುವಂತಿಲ್ಲ, ನಿಲ್ಲಿಸಿ ಮುಂದುವರಿಸುವಂತಿಲ್ಲ, ಅಲ್ಲಿಯೇ ಮುಗಿಸುವಂತೆಯೂ ಇಲ್ಲ. ಟಿಕೆಟ್ಟಿನಲ್ಲಿ ಅಥವಾ ಅದರ ಜೊತೆ ಬಂದ ಪ್ರಯಾಣ ಪಟ್ಟಿಯಲ್ಲಿ ತೋರಿಸಿದ ಕಡೆ ರೈಲು ಬದಲಿಸುವುದಕ್ಕೆ ಮಾತ್ರ ಅವಕಾಶ. ಎಡಿನ್‌ಬರ್ಗ್‌ವರೆಗೆ ಹಣ ಕೊಟ್ಟು, ಮನಸ್ಸು ಬದಲಾಗಿ ಒಂದು ನಿಲ್ದಾಣ ಮೊದಲೇ ಬೆರಿಕ್‌ನಲ್ಲಿ ಇಳಿದುಬಿಡುತ್ತೇನೆ ಎಂದರೂ ಅಕ್ಷರಶಃ ಅದು ಷರತ್ತಿನ ಉಲ್ಲಂಘನೆ.

ನಿಮ್ಮ ತಂದೆಯವರ ವಾದಕ್ಕೆ ಬರೋಣ. ಭಾರತೀಯ ರೈಲ್ವೆಯ ನಿಯಮವನ್ನು ಅವರು ನೆನಪಿಟ್ಟಿರುವುದು ಸರಿಯಾಗಿಯೇ ಇದೆ. 500 ಕಿಲೋಮೀಟರಿಗಿಂತ ಹೆಚ್ಚಿನ ಟಿಕೆಟ್ ಇದ್ದವರು ದಾರಿಯಲ್ಲಿ ಒಮ್ಮೆ, 1000 ಕಿಲೋಮೀಟರಿಗಿಂತ ಹೆಚ್ಚಿನದಿದ್ದರೆ ಎರಡು ಸಲ ಇಳಿದು, ಬಂದ ದಿನ ಮತ್ತು ಹೊರಡುವ ದಿನ ಬಿಟ್ಟು ಎರಡು ದಿನ ತಂಗಬಹುದು. ಬೆಂಗಳೂರಿನಿಂದ ದೆಹಲಿಗೆ ಹೊರಟವರು ಭೋಪಾಲ್‌ನಲ್ಲಿ ಇಳಿದು ಸಾಂಚಿ ನೋಡಿಕೊಂಡು ಮುಂದೆ ಹೋಗಬಹುದು. ಆದರೆ ಅಲ್ಲಿಯೂ ಮೊದಲ ತಂಗುವಿಕೆ ಹೊರಟ ಊರಿನಿಂದ 500 ಕಿಲೋಮೀಟರ್ ಕ್ರಮಿಸಿದ ಮೇಲೆಯೇ ಆಗಬೇಕು, ಮತ್ತು ರಾಜಧಾನಿ, ಶತಾಬ್ದಿಯಂಥ ರೈಲುಗಳಿಗೆ ಈ ಸೌಲಭ್ಯ ಇಲ್ಲ. ರೆಡಿಂಗ್‌ನಿಂದ ಲಂಡನ್ ಮೂಲಕ ಯಾರ್ಕ್‌ಗೆ ಸುಮಾರು 360 ಕಿಲೋಮೀಟರ್ ಮಾತ್ರ ಆಗುತ್ತದೆ. ಅಂದರೆ ನಿಮ್ಮ ತಂದೆಯವರ ನಿಯಮವನ್ನೇ ಇಲ್ಲಿಗೆ ತಂದು ಅಳೆದರೂ ಯಾರ್ಕ್‌ನಲ್ಲಿ ಇಳಿಯುವಂತಿಲ್ಲ. ಅವರಿಗೆ ಇದನ್ನು ಹೇಳುವಾಗ ಸ್ವಲ್ಪ ನಯವಾಗಿ ಹೇಳಿ.

ಎರಡು ದೇಶಗಳ ನಿಯಮಗಳು ಬೇರೆಯಾಗಿರುವುದಕ್ಕೆ ಕಾರಣ ದರ ನಿಗದಿಯ ರೀತಿಯಲ್ಲಿಯೇ ಇದೆ. ಭಾರತದ ಸಾಮಾನ್ಯ ರೈಲು ದರ ದೂರವನ್ನು ಅನುಸರಿಸುತ್ತದೆ. ನೀವು ಇಷ್ಟು ಕಿಲೋಮೀಟರಿಗೆ ಹಣ ಕೊಟ್ಟಿದ್ದೀರಿ, ಅದನ್ನು ಒಂದೇ ಬಾರಿಗೆ ಮುಗಿಸುತ್ತೀರೋ ಎರಡು ಬಾರಿಯಾಗಿ ಮುಗಿಸುತ್ತೀರೋ ಎಂಬುದರಿಂದ ರೈಲ್ವೆಗೆ ದೊಡ್ಡ ನಷ್ಟವಿಲ್ಲ. ಬ್ರಿಟನ್ನಿನ ಅಡ್ವಾನ್ಸ್ ದರಕ್ಕೂ ದೂರಕ್ಕೂ ಅಂಥ ನೇರ ನಂಟಿಲ್ಲ. ಪ್ರತಿಯೊಂದು ರೈಲಿನಲ್ಲಿಯೂ ಹಲವು ಬೆಲೆಗಳಲ್ಲಿ ಇಂತಿಷ್ಟು ಎಂದು ಟಿಕೆಟ್‌ಗಳನ್ನು ಇಟ್ಟಿರುತ್ತಾರೆ, ಅಗ್ಗದವು ಮೊದಲು ಖಾಲಿಯಾಗುತ್ತವೆ, ಜನ ಹೆಚ್ಚಿರುವ ರೈಲಿನಲ್ಲಿ ಅಗ್ಗದವು ಇರುವುದೇ ಇಲ್ಲ. ಲಂಡನ್ನಿನಿಂದ ಎಡಿನ್‌ಬರ್ಗ್‌ಗೆ ವಿಮಾನದ ಪೈಪೋಟಿ ಇದೆ, 2021ರಿಂದ ಅದೇ ಹಳಿಯ ಮೇಲೆ ಲೂಮೋ ಎಂಬ ಇನ್ನೊಂದು ಕಂಪನಿಯ ರೈಲುಗಳೂ ಓಡುತ್ತಿವೆ. ನಡುವಿನ ಸಣ್ಣ ಊರಿಗೆ ಅಷ್ಟು ಪೈಪೋಟಿ ಇಲ್ಲ. ಹಾಗಾಗಿ ಒಂದೊಂದು ದಿನ ದೂರದ ಊರಿನ ಟಿಕೆಟ್ ಹತ್ತಿರದ ಊರಿನದಕ್ಕಿಂತ ಅಗ್ಗವಾಗಿ ಸಿಗುವುದುಂಟು. ನಡುವೆ ಇಳಿಯಲು ಬಿಟ್ಟರೆ ಎಲ್ಲರೂ ದೂರದ ಟಿಕೆಟ್ ಕೊಂಡು ಹತ್ತಿರದಲ್ಲಿ ಇಳಿಯುತ್ತಾರೆ ಎಂಬುದು ಈ ನಿಷೇಧದ ಹಿಂದಿರುವ ಲೆಕ್ಕಾಚಾರ.

ಇದರಲ್ಲಿ ಒಂದು ಭಾಗವನ್ನು ನಾನು ಒಪ್ಪುತ್ತೇನೆ, ಇನ್ನೊಂದನ್ನು ಒಪ್ಪುವುದಿಲ್ಲ. ಇಳಿದು ಬೇರೆ ರೈಲು ಹತ್ತಲು ಬಿಡದಿರುವುದರಲ್ಲಿ ನ್ಯಾಯವಿದೆ. ಕಡಿಮೆ ಹಣ ಕೊಟ್ಟವರು ಒಂದು ನಿರ್ದಿಷ್ಟ ರೈಲಿನ ಸೀಟಿಗೆ ಒಪ್ಪಿಕೊಂಡಿರುತ್ತಾರೆ, ಅವರು ತುಂಬಿದ ಇನ್ನೊಂದು ರೈಲಿಗೆ ಬಂದು ನಿಂತರೆ ಆ ರೈಲಿಗೆ ಹೆಚ್ಚು ಹಣ ಕೊಟ್ಟವರಿಗೆ ತೊಂದರೆಯಾಗುತ್ತದೆ. ಆದರೆ ಸರಿಯಾದ ರೈಲಿನಲ್ಲಿ, ಸರಿಯಾದ ಸೀಟಿನಲ್ಲಿ ಕುಳಿತು ಬಂದವರು ಹುಷಾರಿಲ್ಲವೆಂದೋ ನೆಂಟರು ಕರೆದರೆಂದೋ ಒಂದು ನಿಲ್ದಾಣ ಮೊದಲೇ ಇಳಿದರೆ ಅದನ್ನು ಅಪರಾಧದಂತೆ ಕಾಣುವುದು ಗ್ರಾಹಕರಿಗೆ ಎಂದಿಗೂ ಅರ್ಥವಾಗದ ಸಂಗತಿ. ನಿಯಮ ಮಾತ್ರ ಹಾಗೆಯೇ ಇದೆ, ಮತ್ತು ಗೇಟಿನ ಬಳಿ ನಿಂತಾಗ ನನ್ನ ಅಭಿಪ್ರಾಯದಿಂದ ನಿಮಗೆ ಉಪಯೋಗವಿಲ್ಲ.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಅವಕಾಶವಿಲ್ಲದ ಕಡೆ ಪ್ರಯಾಣ ನಿಲ್ಲಿಸಿ ಹೊರಗೆ ಹೋದುದಷ್ಟೇ ತಪ್ಪಾಗಿದ್ದರೆ, ಪ್ರಯಾಣ ಷರತ್ತುಗಳು ಹೇಳುವುದು ವ್ಯತ್ಯಾಸದ ಹಣವನ್ನು ಕೊಡಬೇಕು ಎಂದು: ಆ ರೀತಿಯ ಪ್ರಯಾಣಕ್ಕೆ ಅವಕಾಶ ಕೊಡುವ, ತಕ್ಷಣ ಕೊಳ್ಳಬಹುದಾದ ಟಿಕೆಟ್‌ಗಳಲ್ಲಿ ಅತಿ ಕಡಿಮೆ ಬೆಲೆಯದು ಎಷ್ಟೋ, ಅದರಿಂದ ನೀವು ಕೊಟ್ಟದ್ದನ್ನು ಕಳೆದು ಉಳಿದದ್ದು. ತಕ್ಷಣ ಕೊಳ್ಳುವ ಟಿಕೆಟ್‌ನ ಬೆಲೆ ಅಡ್ವಾನ್ಸ್‌ಗಿಂತ ಹಲವು ಪಟ್ಟು ಇರುವುದು ಸಾಮಾನ್ಯವಾದ್ದರಿಂದ ವ್ಯತ್ಯಾಸ ಎಂಬ ಪದವನ್ನು ನೋಡಿ ಸಮಾಧಾನಪಡಬೇಡಿ. ಬೇರೆ ರೈಲಿನಲ್ಲಿ ಕುಳಿತು ಸಿಕ್ಕಿಬಿದ್ದರೆ ಇನ್ನೂ ಕಷ್ಟ. ನಿಮ್ಮ ಅಡ್ವಾನ್ಸ್ ಟಿಕೆಟ್ ಆ ರೈಲಿಗೆ ಸಲ್ಲದ ಕಾರಣ, ಟಿಕೆಟ್ ಪರೀಕ್ಷಕರು ಪೂರ್ತಿ ಹೊಸ ಟಿಕೆಟ್ ಕೊಳ್ಳಿ ಎನ್ನಬಹುದು. ಪೆನಾಲ್ಟಿ ಫೇರ್ (ಸರಿಯಾದ ಟಿಕೆಟ್ ಇಲ್ಲದವರಿಗೆ ದಂಡ) ಪದ್ಧತಿ ಇರುವ ಕಂಪನಿಗಳ ರೈಲಾದರೆ, 2023ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಅದು 100 ಪೌಂಡ್ ಮತ್ತು ಅದರ ಮೇಲೆ ಒಂದು ಬದಿಯ ಟಿಕೆಟ್ ಹಣ. 21 ದಿನಗಳೊಳಗೆ ಕಟ್ಟಿದರೆ 100 ಪೌಂಡ್ ಇರುವಲ್ಲಿ 50. ಇದು ತಲೆಗೆ ಇಷ್ಟು ಎಂಬುದನ್ನು ಮರೆಯಬೇಡಿ, ನೀವು ನಾಲ್ಕು ಜನ ಇದ್ದೀರಿ. ಸರಿಯಾದ ಟಿಕೆಟ್ ಇಲ್ಲದೆ ರೈಲು ಹತ್ತುವುದು ರೈಲ್ವೆ ಉಪನಿಯಮಗಳಲ್ಲಿ ಅಪರಾಧವೂ ಹೌದು. ನಿಮ್ಮಂಥ ಪ್ರಕರಣ ಅಲ್ಲಿಯವರೆಗೆ ಹೋಗುವುದು ಅಪರೂಪವಾದರೂ, ವೀಸಾದ ಮೇಲೆ ಬಂದಿರುವ ತಂದೆ ತಾಯಿಯನ್ನು ಅಂಥ ಮಾತುಕತೆಯ ನಡುವೆ ನಿಲ್ಲಿಸುವುದು ಬೇಡ.

ಗೇಟಿನಲ್ಲಿ ನಿಂತ ಸಿಬ್ಬಂದಿ ಒಳ್ಳೆಯ ಮಾತಿಗೆ ಬಾಗಿಲು ತೆರೆದರಲ್ಲ ಎಂದು ಪರಿಚಿತರು ಯಾರಾದರೂ ಹೇಳಿದ್ದರೆ, ಅದು ಸುಳ್ಳಾಗಿರಬೇಕೆಂದಿಲ್ಲ. ರೈಲು ಬದಲಿಸುವ ಕಡೆ ಮುಕ್ಕಾಲು ಗಂಟೆ ಸಮಯವಿದ್ದಾಗ ಹೊರಗಿನ ಅಂಗಡಿಯಿಂದ ಏನಾದರೂ ತರುತ್ತೇವೆ ಎಂದರೆ ಬಿಡುವವರು ಬಹಳ ಜನ ಇದ್ದಾರೆ. ಅದು ಅವರ ಸೌಜನ್ಯ, ನಿಮ್ಮ ಹಕ್ಕಲ್ಲ, ಮತ್ತು ಗೇಟು ತೆರೆದವರ ಸೌಜನ್ಯ ಮುಂದಿನ ರೈಲಿನ ಪರೀಕ್ಷಕರನ್ನು ಯಾವ ರೀತಿಯಲ್ಲಿಯೂ ಕಟ್ಟಿಹಾಕುವುದಿಲ್ಲ.

ಎರಡನೆಯ ಪ್ರಶ್ನೆ, ಹ್ಯಾರೋದಿಂದ ನೇರವಾಗಿ ಕಿಂಗ್ಸ್ ಕ್ರಾಸ್‌ಗೆ ಬಂದು ಹತ್ತುವುದು. ಷರತ್ತು ನಡುವಿನ ನಿಲ್ದಾಣದಲ್ಲಿ ಆರಂಭಿಸುವುದನ್ನೂ ನಿಷೇಧಿಸುವುದರಿಂದ ಕಟ್ಟುನಿಟ್ಟಾದ ಉತ್ತರ ಇಲ್ಲ ಎಂದೇ. ಆದರೆ ವಿಮಾನಕ್ಕೂ ಇದಕ್ಕೂ ಇರುವ ಒಂದು ವ್ಯತ್ಯಾಸವನ್ನು ತಿಳಿದಿರಿ. ವಿಮಾನದಲ್ಲಿ ಮೊದಲ ಹಂತವನ್ನು ತಪ್ಪಿಸಿದರೆ ಮುಂದಿನ ಹಂತಗಳನ್ನು ಸಾಮಾನ್ಯವಾಗಿ ರದ್ದು ಮಾಡುತ್ತಾರೆ, ರೈಲಿನಲ್ಲಿ ನೀವು ರೆಡಿಂಗ್‌ನಲ್ಲಿ ಹತ್ತಲಿಲ್ಲ ಎಂಬ ಕಾರಣಕ್ಕೆ ಕಿಂಗ್ಸ್ ಕ್ರಾಸ್‌ನ ಸೀಟು ಬೇರೆಯವರ ಪಾಲಾಗುವುದಿಲ್ಲ. ರೈಲಿನ ಪರೀಕ್ಷಕರು ನೋಡುವುದು ರೈಲು, ದಿನ, ಸೀಟು ಹೊಂದುತ್ತವೆಯೇ ಎಂಬುದನ್ನು, ಅವು ಮೂರೂ ಹೊಂದುತ್ತವೆ. ಹಾಗಿದ್ದರೂ ನಿಯಮ ನಿಮ್ಮ ಪರ ಇಲ್ಲ, ಯಾರಾದರೂ ಕೇಳಿದರೆ ವಾದಿಸಲು ನಿಮಗೆ ಆಧಾರವಿಲ್ಲ. ಹ್ಯಾರೋದಲ್ಲಿ ಉಳಿಯುವುದು ಮೊದಲೇ ನಿಶ್ಚಯವಾಗಿದ್ದರೆ ಟಿಕೆಟನ್ನು ಕಿಂಗ್ಸ್ ಕ್ರಾಸ್‌ನಿಂದಲೇ ತೆಗೆಯುವುದು ಸರಿಯಾದ ಕ್ರಮ. ಹಿಂದಿನ ಸಂಜೆ ರೆಡಿಂಗ್‌ನಿಂದ ಲಂಡನ್ನಿಗೆ ಹೇಗೂ ಬೇರೆ ಟಿಕೆಟ್ ತೆಗೆಯಲೇಬೇಕಾಗುತ್ತದೆ, ಏಕೆಂದರೆ ಮರುದಿನದ ದಿನಾಂಕವಿರುವ ಅಡ್ವಾನ್ಸ್ ಟಿಕೆಟ್ ಹಿಂದಿನ ದಿನ ನಡೆಯುವುದಿಲ್ಲ.

ಈಗ ಸರಿಯಾದ ದಾರಿ. ಯಾರ್ಕ್‌ನಲ್ಲಿ ನಿಲ್ಲಬೇಕಾದರೆ ಯಾರ್ಕ್‌ವರೆಗೆ ಒಂದು ಟಿಕೆಟ್, ಯಾರ್ಕ್‌ನಿಂದ ಎಡಿನ್‌ಬರ್ಗ್‌ಗೆ ಇನ್ನೊಂದು ಟಿಕೆಟ್ ಕೊಳ್ಳಿ, ಎರಡೂ ಅಡ್ವಾನ್ಸ್ ಆಗಿರಲಿ. ಮೊದಲ ಟಿಕೆಟ್ ಯಾರ್ಕ್‌ನಲ್ಲಿ ಮುಗಿಯುವುದರಿಂದ ಅಲ್ಲಿ ನೀವು ನಿಲ್ದಾಣದಿಂದ ಹೊರಗೆ ಹೋಗುವುದು ಪ್ರಯಾಣದ ಕೊನೆ, ಬ್ರೇಕ್ ಅಲ್ಲ. ಹೀಗೆ ಒಂದು ಪ್ರಯಾಣಕ್ಕೆ ಎರಡು ಅಥವಾ ಹೆಚ್ಚು ಟಿಕೆಟ್‌ಗಳನ್ನು ಜೋಡಿಸುವುದನ್ನು ಪ್ರಯಾಣ ಷರತ್ತುಗಳಲ್ಲಿ 14ನೆಯದು ಸ್ಪಷ್ಟವಾಗಿ ಒಪ್ಪುತ್ತದೆ. ಕಳ್ಳದಾರಿ ಎಂಬ ಅಳುಕು ಬೇಕಿಲ್ಲ. ಸ್ಪ್ಲಿಟ್ ಟಿಕೆಟ್ ಎಂದು ಜನ ಕರೆಯುವುದು ಇದನ್ನೇ, ಎಷ್ಟೋ ಜನ ನಡುವೆ ಇಳಿಯುವ ಉದ್ದೇಶವಿಲ್ಲದೆ ಹಣ ಉಳಿಸುವುದಕ್ಕೆಂದೇ ಹೀಗೆ ಮಾಡುತ್ತಾರೆ. ದರಕ್ಕೂ ದೂರಕ್ಕೂ ನೇರ ನಂಟಿಲ್ಲ ಎಂದೆನಲ್ಲ, ಆ ಅಡ್ಡಾದಿಡ್ಡಿತನ ಇಲ್ಲಿ ನಿಮ್ಮ ಪರವಾಗಿಯೂ ತಿರುಗಬಹುದು: ಎರಡು ತುಂಡುಗಳ ಮೊತ್ತ ಒಂದು ಇಡೀ ಟಿಕೆಟ್‌ಗಿಂತ ಕಡಿಮೆಯಾಗುವ ದಿನಗಳೂ ಇರುತ್ತವೆ.

ಎರಡನೆಯ ತುಂಡಿಗೆ ಎಲ್‌ಎನ್‌ಇಆರ್ ಒಂದನ್ನೇ ನೋಡಬೇಡಿ. ಯಾರ್ಕ್‌ನಿಂದ ಎಡಿನ್‌ಬರ್ಗ್‌ಗೆ ಕ್ರಾಸ್‌ಕಂಟ್ರಿ ಮತ್ತು ಟ್ರಾನ್ಸ್‌ಪೆನೈನ್ ಎಕ್ಸ್‌ಪ್ರೆಸ್ ಕಂಪನಿಗಳ ರೈಲುಗಳೂ ಇವೆ, ಮೂರರ ದರವನ್ನೂ ಹೋಲಿಸಿ. ಅಗ್ಗದ ಕಂಪನಿಯನ್ನು ಆರಿಸಿಕೊಂಡ ಮೇಲೆ ಮಾತ್ರ ಆ ಕಂಪನಿಯ ಆ ರೈಲನ್ನೇ ಹತ್ತಬೇಕು. ಯಾರ್ಕ್‌ನ ಪ್ಲಾಟ್‌ಫಾರ್ಮಿಗೆ ಎರಡು ರೈಲುಗಳು ಹತ್ತು ನಿಮಿಷದ ಅಂತರದಲ್ಲಿ ಬಂದಾಗ ಜನ ಗಡಿಬಿಡಿಯಲ್ಲಿ ಮೊದಲು ಬಂದದ್ದನ್ನು ಹತ್ತಿಬಿಡುತ್ತಾರೆ, ಎರಡೂ ಎಡಿನ್‌ಬರ್ಗ್‌ಗೇ ಹೋಗುವುದರಿಂದ ತಪ್ಪು ಗೊತ್ತಾಗುವುದು ಪರೀಕ್ಷಕರು ಬಂದ ಮೇಲೆಯೇ. ಹೊರಡುವ ಮುನ್ನ ಫಲಕದಲ್ಲಿ ಕಂಪನಿಯ ಹೆಸರನ್ನೂ ಓದಿ.

ಮೊದಲ ತುಂಡನ್ನು ರೆಡಿಂಗ್‌ನಿಂದ ಯಾರ್ಕ್‌ವರೆಗೆ ಒಂದೇ ಟಿಕೆಟ್ಟಾಗಿ ತೆಗೆಯಿರಿ, ಲಂಡನ್ನಿನಲ್ಲಿ ಮತ್ತೆ ತುಂಡು ಮಾಡಬೇಡಿ ಎಂಬುದು ನನ್ನ ಸಲಹೆ (ಹ್ಯಾರೋದಲ್ಲಿ ಉಳಿಯುವುದಿಲ್ಲ ಎಂದಾದರೆ). ಇದಕ್ಕೆ ಎರಡು ಕಾರಣಗಳಿವೆ. ಲಂಡನ್ ಮೂಲಕ ಹಾದುಹೋಗುವ ಇಡೀ ಟಿಕೆಟ್‌ನಲ್ಲಿ ಪ್ಯಾಡಿಂಗ್ಟನ್‌ನಿಂದ ಕಿಂಗ್ಸ್ ಕ್ರಾಸ್‌ವರೆಗಿನ ಅಂಡರ್‌ಗ್ರೌಂಡ್ ಪ್ರಯಾಣವೂ ಸೇರಿರುತ್ತದೆ. ಕಾಗದದ ಟಿಕೆಟ್ಟಿನಲ್ಲಿ ಅದಕ್ಕೆ ಶಿಲುಬೆಯಂಥ ಒಂದು ಪುಟ್ಟ ಗುರುತು ಇರುತ್ತದೆ. ಬೇರೆ ಬೇರೆ ತೆಗೆದರೆ ನಾಲ್ವರ ಅಂಡರ್‌ಗ್ರೌಂಡ್ ಖರ್ಚು ನಿಮ್ಮ ಮೇಲೆ ಬೀಳುತ್ತದೆ. ಇನ್ನೊಂದು ಕಾರಣ ಸೀನಿಯರ್ ರೈಲ್‌ಕಾರ್ಡ್.

ನಿಮ್ಮ ತಂದೆ ತಾಯಿಗೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಅರವತ್ತು ತುಂಬಿದ ಯಾರಿಗಾದರೂ ಅದು ಸಿಗುತ್ತದೆ, ಬ್ರಿಟನ್ನಿನ ನಿವಾಸಿಯಾಗಿರಬೇಕೆಂದಿಲ್ಲ, ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ಸಾಕು. ವರ್ಷಕ್ಕೆ 35 ಪೌಂಡ್ ಕೊಟ್ಟರೆ ಟಿಕೆಟ್ ದರದಲ್ಲಿ ಮೂರನೆಯ ಒಂದು ಭಾಗ ಇಳಿಯುತ್ತದೆ, ಅಡ್ವಾನ್ಸ್ ಟಿಕೆಟ್‌ಗೂ ಈ ರಿಯಾಯಿತಿ ಅನ್ವಯಿಸುತ್ತದೆ. ಎಡಿನ್‌ಬರ್ಗ್‌ಗೆ ಹೋಗಿ ಬರುವುದರಲ್ಲಿಯೇ ಹಾಕಿದ ಹಣದ ಬಹುಪಾಲು ಹಿಂದಿರುಗಬಹುದು. ಆದರೆ ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ಒಳಗೇ ಶುರುವಾಗಿ ಒಳಗೇ ಮುಗಿಯುವ ಪ್ರಯಾಣಕ್ಕೆ ವಾರದ ದಿನಗಳಲ್ಲಿ ಬೆಳಗಿನ ಜನದಟ್ಟಣೆಯ ಹೊತ್ತಿನಲ್ಲಿ ಈ ಕಾರ್ಡು ನಡೆಯುವುದಿಲ್ಲ. ರೆಡಿಂಗ್‌ನಿಂದ ಲಂಡನ್ ಎಂಬ ತುಂಡು ಈ ನಿರ್ಬಂಧದೊಳಗೆ ಬೀಳುತ್ತದೆ, ರೆಡಿಂಗ್‌ನಿಂದ ಯಾರ್ಕ್ ಎಂಬ ಟಿಕೆಟ್ ಬೀಳುವುದಿಲ್ಲ. ಟಿಕೆಟನ್ನು ಎಲ್ಲಿ ತುಂಡು ಮಾಡಬೇಕು ಎಂಬುದನ್ನು ಬೆಲೆ ಒಂದನ್ನೇ ನೋಡಿ ನಿರ್ಧರಿಸಬಾರದು ಎನ್ನುವುದು ಇದಕ್ಕೇ.

ಮೊದಲ ರೈಲು ತಡವಾದರೆ ಎರಡನೆಯ ಟಿಕೆಟ್ ಹಾಳಾಗುವುದಿಲ್ಲವೇ ಎಂಬ ಅನುಮಾನ ನಿಮಗೆ ಬರಬಹುದು. ನಾಲ್ಕು ಗಂಟೆಯ ಅಂತರ ಇಟ್ಟುಕೊಂಡಿರುವ ನಿಮಗೆ ಆ ಅಪಾಯ ಕಡಿಮೆ. ಒಂದು ಗಂಟೆ ತಡವಾದರೆ ಊರು ನೋಡುವ ಸಮಯ ಒಂದು ಗಂಟೆ ಕಡಿಮೆಯಾಗುತ್ತದೆ, ಅಷ್ಟೇ. ಅಷ್ಟೂ ಹೊತ್ತು ದಾರಿಯಲ್ಲಿಯೇ ಕಳೆಯುವಂಥ ದೊಡ್ಡ ಅಡಚಣೆ ಬಂದರೆ ಯಾರ್ಕ್‌ನ ಸಿಬ್ಬಂದಿಗೆ ಎರಡೂ ಟಿಕೆಟ್ ತೋರಿಸಿ, ಮುಂದಿನ ರೈಲಿಗೆ ಅವರು ಸಾಮಾನ್ಯವಾಗಿ ಅವಕಾಶ ಮಾಡಿಕೊಡುತ್ತಾರೆ. ಅನುಮತಿಯನ್ನು ಟಿಕೆಟ್ ಮೇಲೆ ಬರೆಸಿಕೊಳ್ಳಿ, ಅಥವಾ ಹೇಳಿದವರು ಯಾವ ಕೌಂಟರಿನವರು, ಎಷ್ಟು ಹೊತ್ತಿಗೆ ಹೇಳಿದರು ಎಂಬುದನ್ನಾದರೂ ಗುರುತು ಹಾಕಿಕೊಳ್ಳಿ.

ಟಿಕೆಟ್ ತುಂಡು ಮಾಡುವ ಗೋಜಲು ಬೇಡ, ಎಲ್ಲಿ ಬೇಕಾದರೂ ಇಳಿಯುವ ಸ್ವಾತಂತ್ರ್ಯ ಬೇಕು ಎನ್ನುವವರಿಗೆ ಆಫ್-ಪೀಕ್ (ಜನದಟ್ಟಣೆಯಿಲ್ಲದ ಹೊತ್ತಿನ ರೈಲುಗಳಿಗೆ) ಮತ್ತು ಎನಿಟೈಮ್ (ಯಾವ ಹೊತ್ತಿನ ರೈಲಿಗಾದರೂ) ಟಿಕೆಟ್‌ಗಳಿವೆ. ಇವುಗಳಲ್ಲಿ ನಿರ್ದಿಷ್ಟ ರೈಲಿನ ಕಟ್ಟುಪಾಡು ಇರುವುದಿಲ್ಲ, 16ನೆಯ ಷರತ್ತಿನ ಮೂಲ ಉದಾರತೆ ಪೂರ್ತಿಯಾಗಿ ದೊರೆಯುತ್ತದೆ. ಕೆಲವು ಆಫ್-ಪೀಕ್ ಟಿಕೆಟ್‌ಗಳಿಗೆ ಮಾತ್ರ ನಿರ್ಬಂಧ ಸಂಕೇತದಲ್ಲಿ (ಟಿಕೆಟ್ ಯಾವಾಗ, ಹೇಗೆ ಸಲ್ಲುತ್ತದೆ ಎಂದು ತಿಳಿಸುವ ಪುಟ್ಟ ಸಂಕೇತ) ಬೇರೆ ಮಾತು ಇರಬಹುದು, ಕೊಳ್ಳುವಾಗ ಆ ಸಂಕೇತವನ್ನು ಒತ್ತಿ ಓದಬೇಕು. ಉದಾಹರಣೆಗೆ ಲಂಡನ್ನಿನ ಯೂಸ್ಟನ್‌ನಿಂದ ಗ್ಲಾಸ್ಗೋಗೆ ಆಫ್-ಪೀಕ್ ರಿಟರ್ನ್ ತೆಗೆದವರಿಗೆ ಹಿಂದಿರುಗುವ ಭಾಗಕ್ಕೆ ಒಂದು ತಿಂಗಳ ಅವಧಿ ಇರುತ್ತದೆ, ಸಂಕೇತ ಅಡ್ಡಿ ಮಾಡದಿದ್ದರೆ ಅವರು ಬರುವಾಗ ಪೆನ್ರಿತ್‌ನಲ್ಲೋ ಆಕ್ಸನ್‌ಹೋಮ್‌ನಲ್ಲೋ ಇಳಿದು ಲೇಕ್ ಡಿಸ್ಟ್ರಿಕ್ಟ್ ನೋಡಿ ಮುಂದುವರಿಯಬಹುದು.

ನಿಮ್ಮ ದುರದೃಷ್ಟವೆಂದರೆ ಲಂಡನ್ನಿನಿಂದ ಎಡಿನ್‌ಬರ್ಗ್‌ಗೆ ಹೋಗುವ ಎಲ್‌ಎನ್‌ಇಆರ್ ಟಿಕೆಟ್‌ಗಳಲ್ಲಿ ಈ ನಡುವಿನ ಆಯ್ಕೆಯೇ ಕಾಣೆಯಾಗಿದೆ. 2018ರಿಂದ ಸರ್ಕಾರದ ಒಡೆತನದಲ್ಲಿರುವ ಎಲ್‌ಎನ್‌ಇಆರ್, ದರಗಳನ್ನು ಸರಳಗೊಳಿಸುವ ಪ್ರಯೋಗ ಎಂಬ ಹೆಸರಿನಲ್ಲಿ 2024ರ ಫೆಬ್ರವರಿಯಲ್ಲಿ ಲಂಡನ್ನಿನಿಂದ ನ್ಯೂಕಾಸಲ್, ಬೆರಿಕ್ ಮತ್ತು ಎಡಿನ್‌ಬರ್ಗ್‌ಗೆ ಇದ್ದ ಆಫ್-ಪೀಕ್ ಟಿಕೆಟ್‌ಗಳನ್ನು ತೆಗೆದುಹಾಕಿ, 70 ನಿಮಿಷದ ಫ್ಲೆಕ್ಸ್ ಎಂಬುದನ್ನು ತಂದಿತು. ಅದರಲ್ಲಿ ಕಾಯ್ದಿರಿಸಿದ ರೈಲಿಗಿಂತ 70 ನಿಮಿಷ ಮೊದಲಿನ ಅಥವಾ 70 ನಿಮಿಷ ನಂತರದ ರೈಲನ್ನು ಹಿಡಿಯಬಹುದು. ಫ್ಲೆಕ್ಸ್ ಎಂಬ ಹೆಸರು ಕೇಳಿ, 70 ನಿಮಿಷ ಯಾರ್ಕ್ ನೋಡಬಹುದಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ಆ ಸಡಿಲಿಕೆ ಇರುವುದು ಹೊರಡುವ ಹೊತ್ತಿಗೆ ಮಾತ್ರ, ಸ್ವಭಾವದಲ್ಲಿ ಅದು ಅಡ್ವಾನ್ಸ್ ಕುಟುಂಬದ ಟಿಕೆಟ್ಟೇ. ಉಳಿದದ್ದು ಎನಿಟೈಮ್, ಅದರ ಬೆಲೆ ನೋಡಿದರೆ ಎರಡು ಅಡ್ವಾನ್ಸ್ ಟಿಕೆಟ್‌ಗಳ ಗೋಜಲು ಹಗುರವೆನಿಸುತ್ತದೆ. ಸರಳೀಕರಣದ ಹೆಸರಿನಲ್ಲಿ ಪ್ರಯಾಣಿಕರಿಂದ ಒಂದು ಹಳೆಯ ಅನುಕೂಲವನ್ನು ಕಿತ್ತುಕೊಂಡರು ಎಂಬ ದೂರಿನಲ್ಲಿ ನನಗೆ ಹುರುಳು ಕಾಣುತ್ತದೆ.

ತಂದೆ ತಾಯಿ ಇನ್ನೂ ಹಲವು ಊರುಗಳನ್ನು ನೋಡುವವರಿದ್ದರೆ, ಮುಂದಿನ ಸಲಕ್ಕಾದರೂ ಬ್ರಿಟ್‌ರೈಲ್ ಪಾಸ್ ಎಂಬುದನ್ನು ಗಮನದಲ್ಲಿಡಿ. ಬ್ರಿಟನ್ನಿನ ಹೊರಗೆ ವಾಸಿಸುವವರಿಗಾಗಿ ಇರುವ ಪಾಸು ಅದು, ಅದರ ಅವಧಿಯಲ್ಲಿ ಎಷ್ಟು ಸಲ ಬೇಕಾದರೂ ಇಳಿದು ಹತ್ತಬಹುದು. 

ಇನ್ನು ಈಗಾಗಲೇ ಕೊಂಡಿರುವ ನಾಲ್ಕು ಟಿಕೆಟ್‌ಗಳ ವಿಷಯ. ಅಡ್ವಾನ್ಸ್ ಟಿಕೆಟ್‌ನ ಹಣ, ರೈಲು ರದ್ದಾದರೆ ಅಥವಾ ತಡವಾಗಿ ನೀವು ಪ್ರಯಾಣವನ್ನೇ ಕೈಬಿಟ್ಟರೆ ಹೊರತು, ವಾಪಸು ಬರುವುದಿಲ್ಲ. ದಿನ ಅಥವಾ ರೈಲನ್ನು ಬದಲಿಸಬಹುದು, ಅದಕ್ಕೆ ಟಿಕೆಟ್ ಒಂದಕ್ಕೆ 10 ಪೌಂಡ್‌ವರೆಗೆ ಶುಲ್ಕ ಮತ್ತು ದರದ ವ್ಯತ್ಯಾಸ ಕೊಡಬೇಕಾಗಬಹುದು, ಶುಲ್ಕ ಬಿಟ್ಟುಬಿಡುವ ಕಡೆಗಳೂ ಇವೆ. ಆದರೆ ಆ ಬದಲಾವಣೆ ಅದೇ ಎರಡು ಊರುಗಳ ನಡುವೆಯೇ ಆಗಬೇಕು. ರೆಡಿಂಗ್‌ನಿಂದ ಎಡಿನ್‌ಬರ್ಗ್‌ನ ಟಿಕೆಟನ್ನು ಯಾರ್ಕ್‌ವರೆಗಿನ ಟಿಕೆಟ್ಟಾಗಿ ಮಾಡಿಕೊಡಿ ಎಂದರೆ ಆಗುವುದಿಲ್ಲ. ಹಾಗಾಗಿ ಯಾರ್ಕ್ ನೋಡಲೇಬೇಕೆಂದಾದರೆ ಒಂದೋ ಈ ಟಿಕೆಟ್‌ಗಳ ಹಣವನ್ನು ಬಿಟ್ಟು ಹೊಸದಾಗಿ ಎರಡು ತುಂಡು ಕೊಳ್ಳಬೇಕು, ಇಲ್ಲವೇ ಹೋಗುವಾಗ ನೇರವಾಗಿ ಹೋಗಿ, ಬರುವಾಗಿನ ಟಿಕೆಟನ್ನು ಯಾರ್ಕ್‌ನಲ್ಲಿ ತುಂಡು ಮಾಡಿ ತೆಗೆಯಬೇಕು. ಬರುವಾಗಿನ ಟಿಕೆಟ್ ಬಗ್ಗೆ ನೀವು ಏನನ್ನೂ ಬರೆದಿಲ್ಲವಾದ್ದರಿಂದ ಅದನ್ನು ಇನ್ನೂ ಕೊಂಡಿಲ್ಲ ಎಂದು ಭಾವಿಸುತ್ತೇನೆ. ಹಾಗಿದ್ದರೆ ಎರಡನೆಯದೇ ಸರಿ, ಒಂದು ಪೌಂಡ್ ಕೂಡ ಹಾಳಾಗುವುದಿಲ್ಲ. ಅಡ್ವಾನ್ಸ್ ಟಿಕೆಟ್‌ಗಳು ಸಾಮಾನ್ಯವಾಗಿ ಸುಮಾರು ಹನ್ನೆರಡು ವಾರ ಮೊದಲು ಬಿಡುಗಡೆಯಾಗುತ್ತವೆ, ಅಗ್ಗದವು ಬೇಗ ಮುಗಿಯುತ್ತವೆ, ಆದ್ದರಿಂದ ಇಂದೇ ನೋಡಿ.

ನಾಲ್ಕು ಗಂಟೆ ಸಾಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಸಾಕು, ಆದರೆ ಎಲ್ಲವನ್ನೂ ನೋಡುತ್ತೇವೆ ಎಂದು ಹೊರಡಬೇಡಿ. ನ್ಯಾಷನಲ್ ರೈಲ್ವೇ ಮ್ಯೂಸಿಯಂ ನಿಲ್ದಾಣದ ಹಿಂಬದಿಯಲ್ಲಿಯೇ ಇದೆ, ಪ್ರವೇಶ ಉಚಿತ, 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಬರೆದ ಮ್ಯಾಲರ್ಡ್ ಅಲ್ಲಿ ನಿಂತಿದೆ. ನಡುದಾರಿಯಲ್ಲಿ ಇಳಿಯುವ ಹಕ್ಕಿಗಾಗಿ ವಾದಿಸಿದ ನಿಮ್ಮ ತಂದೆಯವರಿಗೆ ಅದು ಖಂಡಿತ ಹಿಡಿಸೀತು. ಯಾರ್ಕ್ ಮಿನ್‌ಸ್ಟರ್ ಚರ್ಚು ಇನ್ನೊಂದು ದಿಕ್ಕಿನಲ್ಲಿ ಕಾಲ್ನಡಿಗೆಯಲ್ಲಿ ಕಾಲು ಗಂಟೆಯ ದೂರ. ಎರಡನ್ನೂ ಅವಸರವಿಲ್ಲದೆ ನೋಡಬೇಕಾದರೆ ಎರಡನೆಯ ರೈಲನ್ನು ಐದು ಗಂಟೆಯ ಅಂತರ ಇಟ್ಟುಕೊಂಡು ಕಾಯ್ದಿರಿಸಿ, ಸೂಟ್‌ಕೇಸುಗಳನ್ನು ಎಲ್ಲಿ ಇಡುವುದು ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಿ.